ಕೈಮೇಲೆ ಕೂತ ಡೇಗೆ: ಆಗುಂಬೆಯಿಂದ ಉಳ್ಳಾಲದವರೆಗೆ

ಗುರುವಾರ: ಶಿವಮೊಗ್ಗದಿಂದ ಉಡುಪಿಗೆ

ಡೇಗೆ, ಅಂದರೆ ಫಾಲ್ಕನ್ ಹಕ್ಕಿಯನ್ನು ಪಳಗಿಸಿ ಆಡುವ ಬೇಟೆಯ ಕಡೆ ನನ್ನನ್ನು ಎಳೆದದ್ದು ಒಬ್ಬ ದೊರೆ. ಕಲ್ಯಾಣದ ಚಾಲುಕ್ಯರ ಮೂರನೇ ಸೋಮೇಶ್ವರ. ಅವನು 1129ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ನೂರು ಅಧ್ಯಾಯಗಳಿವೆ. ಅಡುಗೆ, ಆನೆ, ಸಂಗೀತ, ಮೀನು ಹಿಡಿಯುವುದು ಎಲ್ಲ ಅದರಲ್ಲಿದೆ. ನಡುವೆ ‘ಶ್ಯೇನ ವಿನೋದ’ ಅಂತ ಒಂದು ಭಾಗ. ಗಿಡುಗವನ್ನು ಪಳಗಿಸಿ, ಕೈಮೇಲೆ ಕೂರಿಸಿಕೊಂಡು ಹೋಗಿ, ಬೇರೆ ಹಕ್ಕಿಗಳ ಮೇಲೆ ಹಾರಿಸುವ ಬೇಟೆ ಅದು. ಇವತ್ತಿನ ಬಸವಕಲ್ಯಾಣದಿಂದ ಆಳಿದ ದೊರೆ ಅದನ್ನು ಅಷ್ಟು ಗಂಭೀರವಾಗಿ ಬರೆದಿಟ್ಟಿದ್ದಾನೆ ಅಂತ ತಿಳಿದಾಗಿನಿಂದ ಒಂದೇ ಯೋಚನೆ. ಈಗ ನಮ್ಮ ಕರ್ನಾಟಕದಲ್ಲಿ ಡೇಗೆಯನ್ನು ಕೈಮೇಲೆ ಕೂರಿಸಿಕೊಂಡ ಮನುಷ್ಯ ಒಬ್ಬರಾದರೂ ಸಿಗಬಹುದಾ?

ಉಡುಪಿಯಲ್ಲಿರುವ ನನ್ನ ಕಾಲೇಜು ಗೆಳತಿ ಫೋನಿನಲ್ಲಿ ಇದನ್ನು ಕೇಳಿ ಹೇಳಿದಳು: “ಇದ್ದಾರೆ ಮಾರಾಯ್ತಿ. ಉಳ್ಳಾಲದಲ್ಲಿ ಒಬ್ಬರು ಬ್ಯಾರಿ ಕಾಕಾ. ಅಬುಧಾಬಿಯಲ್ಲಿ ವರ್ಷಗಟ್ಟಲೆ ಅದೇ ಕೆಲಸ ಮಾಡಿದವರು. ನೀನು ಬಾ, ಮಾತಾಡಿಸುವ.” ಮಂಗಳೂರು ಕಡೆಯ ಮನೆಮನೆಯಿಂದ ಗಲ್ಫಿಗೆ ಹೋದವರಿದ್ದಾರೆ. ಡ್ರೈವರ್, ಅಡುಗೆಯವರು, ನರ್ಸ್, ಇಂಜಿನಿಯರ್ ಅಂತ ಕೇಳಿದ್ದೆ. ಡೇಗೆ ಸಾಕಿದವರು ಅಂತ ಕೇಳಿದ್ದು ಇದೇ ಮೊದಲು. ಡಿಸೆಂಬರ್ ಕೊನೆಯ ರಜೆ ಸಿಕ್ಕಿದ್ದೇ ತೀರ್ಥಹಳ್ಳಿ ದಾರಿಯ ಬಸ್ಸು ಹತ್ತಿದೆ.

ಆಗುಂಬೆ ಘಾಟಿಯಲ್ಲಿ ಮಿನಿ ಬಸ್ಸು ತಿರುವು ತಿರುವಿಗೂ ನಿಧಾನ ಮಾಡುತ್ತಿತ್ತು. ಒಟ್ಟು 14 ಹಿಮ್ಮುರಿ ತಿರುವುಗಳು. ಕೆಳಗಿನ ಕಾಡಿನಿಂದ ಹಾವುಗಿಡುಗದ ಉದ್ದನೆಯ ಕೂಗು ಬಂತು. ಹಕ್ಕಿ ಕಾಣಿಸಲಿಲ್ಲ. ಮರಗಳು ಅಷ್ಟು ಒತ್ತಾಗಿವೆ.

ಈ ಕಾಡು ನೋಡಿದರೆ ಡೇಗೆ ಬೇಟೆಯ ಒಂದು ಹಳೆಯ ವಿಂಗಡಣೆ ಥಟ್ಟನೆ ಅರ್ಥವಾಗುತ್ತದೆ. ಪರ್ಷಿಯಾ ಮತ್ತು ಉತ್ತರ ಭಾರತದ ಬೇಟೆಗಾರರು ಹಕ್ಕಿಗಳನ್ನು ಕಣ್ಣಿನ ಬಣ್ಣದ ಮೇಲೆ ಎರಡು ಗುಂಪು ಮಾಡಿದ್ದರು. ಕಪ್ಪು ಕಣ್ಣಿನವು ‘ಸಿಯಾಹ್ ಚಷ್ಮ್’. ಹಳದಿ ಅಥವಾ ಕೆಂಪು ಕಣ್ಣಿನವು ‘ಗುಲಾಬ್ ಚಷ್ಮ್’. ಕಪ್ಪು ಕಣ್ಣಿನವು ಡೇಗೆಗಳು. ಉದ್ದ, ಚೂಪು ರೆಕ್ಕೆ. ಎತ್ತರಕ್ಕೆ ಹೋಗಿ ಮೇಲಿನಿಂದ ಬೀಳುತ್ತವೆ. ಕೊಕ್ಕಿನ ಅಂಚಿನಲ್ಲಿ ಹಲ್ಲಿನಂಥ ಒಂದು ಮೊನೆ ಇರುತ್ತದೆ, ಅದರಿಂದ ಬೇಟೆಯ ಕತ್ತು ಕಚ್ಚಿ ಮುರಿಯುತ್ತವೆ. ಇವಕ್ಕೆ ಬಯಲು ಬೇಕು. ಹಳದಿ ಕಣ್ಣಿನ ಗಿಡುಗಗಳದ್ದು ಗಿಡ್ಡ ರೆಕ್ಕೆ, ಉದ್ದ ಬಾಲ. ಮರಗಳ ಸಂದಿಯಲ್ಲಿ ನುಗ್ಗಿ, ಉಗುರಿನಲ್ಲೇ ಕೊಲ್ಲುತ್ತವೆ. ಘಟ್ಟದ ಕಾಡು ಎರಡನೆಯವರ ರಾಜ್ಯ. ಬೀದರ್ ಕಡೆಯ ಬಯಲು ಮೊದಲನೆಯವರಿಗೆ ಹೇಳಿ ಮಾಡಿಸಿದ್ದು.

ಹೆಬ್ರಿ ದಾಟಿ ಉಡುಪಿ ಮುಟ್ಟುವಾಗ ಸಂಜೆ. ಗೆಳತಿಯ ಮನೆಯಲ್ಲಿ ನೀರುದೋಸೆ ತಿಂದು ಬೇಗ ಮಲಗಿದೆ.

ಶುಕ್ರವಾರ: ಮಲ್ಪೆ, ಕೋಡಿ ಬೆಂಗ್ರೆ

ಮಲ್ಪೆ ಬಂದರಿನಲ್ಲಿ ಬೆಳಗ್ಗೆ ಬೋಟುಗಳಿಂದ ಮೀನು ಇಳಿಸುವ ಹೊತ್ತಿಗೆ ಆಕಾಶದ ತುಂಬ ಹದ್ದು, ಗರುಡ. ಕೆಂಪು ಮೈ, ಬಿಳಿ ತಲೆಯ ಗರುಡ ಕಂಡರೆ ಇಲ್ಲಿ ಕೈಮುಗಿಯುವವರು ಈಗಲೂ ಇದ್ದಾರೆ. ಬುಟ್ಟಿ ಹೊತ್ತ ಒಬ್ಬ ಹೆಂಗಸು ನಡೆಯುತ್ತಲೇ ತಲೆ ಎತ್ತಿ ನೋಡಿ, ಎದೆ ಮುಟ್ಟಿಕೊಂಡು ಮುಂದೆ ಹೋದರು. ಆದರೆ ಈ ಎರಡು ಹಕ್ಕಿಗಳನ್ನು ಬೇಟೆಗೆ ಪಳಗಿಸುವವರು ಕಡಿಮೆ. ಬೇರೆಯವರು ಬಿಟ್ಟದ್ದು, ಸತ್ತದ್ದು, ಸುಲಭಕ್ಕೆ ಸಿಕ್ಕಿದ್ದು ತಿಂದು ಬದುಕುವ ಹಕ್ಕಿಗೆ ಹಾರಿ ಬೆನ್ನಟ್ಟುವ ಹಟ ಎಲ್ಲಿಂದ ಬರಬೇಕು?

ಅಲ್ಲಿಂದ ಉತ್ತರಕ್ಕೆ ಕೋಡಿ ಬೆಂಗ್ರೆ. ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ, ನಡುವೆ ಪಟ್ಟಿಯಂಥ ನೆಲ. ಕೊನೆಯಲ್ಲಿ ಅಳಿವೆ. ಆಚೆ ದಡ ಹಂಗಾರಕಟ್ಟೆ, ಬಾರ್ಜ್‌ನಲ್ಲಿ ದಾಟಬಹುದು. ಚಳಿಗಾಲದಲ್ಲಿ ಇಲ್ಲಿನ ಮರಳು ದಿಬ್ಬಗಳ ಮೇಲೆ ಉತ್ತರದಿಂದ ಬಂದ ಗೊರವಗಳೂ ಕಡಲಹಕ್ಕಿಗಳೂ ಗುಂಪು ಕೂರುತ್ತವೆ. ಗುಂಪು ಇದ್ದಲ್ಲಿ ಪೆರಿಗ್ರಿನ್ ಡೇಗೆ ಬರಬಹುದು ಅನ್ನುವುದು ನನ್ನ ಆಸೆ.

ಬಿಸಿಲು ಏರುವ ತನಕ ಏನೂ ಇಲ್ಲ. ಆಮೇಲೆ ಇಡೀ ದಿಬ್ಬ ಒಮ್ಮೆಲೇ ಎದ್ದಿತು. ಯಾಕೆ ಎದ್ದಿತು ಅಂತ ಗೊತ್ತಾಗುವ ಮೊದಲೇ ಒಂದು ಕಪ್ಪು ಗೆರೆ ಓರೆಯಾಗಿ ಗುಂಪಿನೊಳಗೆ ಇಳಿದು, ನೀರಿನ ಮಟ್ಟದಲ್ಲಿ ತಿರುಗಿ, ಬರಿಗಾಲಲ್ಲಿ ಮೇಲಕ್ಕೆ ಹೋಯಿತು. ತಪ್ಪಿತು. ಪೆರಿಗ್ರಿನ್ ಹೆಚ್ಚಿನ ಸಲ ತಪ್ಪುತ್ತದೆ. ನೇರ ಬೀಳುವಾಗ ಅದರ ವೇಗ ಗಂಟೆಗೆ 300 ಕಿಲೋಮೀಟರ್ ದಾಟುತ್ತದೆ, ಲೋಕದಲ್ಲಿ ಅದಕ್ಕಿಂತ ವೇಗದ ಪ್ರಾಣಿ ಇಲ್ಲ. ಅಷ್ಟಿದ್ದೂ ಊಟ ಖಾತ್ರಿ ಇಲ್ಲ. ದುರ್ಬೀನಿನಲ್ಲಿ ನೋಡಿದೆ. ಕಂಬದ ಮೇಲೆ ಕೂತು ರೆಕ್ಕೆ ಕೊಡವುತ್ತಿತ್ತು. ಕೆನ್ನೆಯ ಮೇಲೆ ಮೀಸೆಯಂಥ ಕಪ್ಪು ಪಟ್ಟೆ, ದೊಡ್ಡ ಕಪ್ಪು ಕಣ್ಣು. ಸಿಯಾಹ್ ಚಷ್ಮ್.

ಈ ಹಕ್ಕಿ ಇವತ್ತು ಲೋಕದಲ್ಲಿ ಇಷ್ಟು ಇರುವುದರಲ್ಲಿ ಡೇಗೆ ಸಾಕುವವರ ಪಾಲು ದೊಡ್ಡದು. ಇದನ್ನು ಜಾಸ್ತಿ ಜನ ತಿಳಿಯಬೇಕು ಅಂತ ನನಗೆ ನಿಜವಾಗಿ ಅನಿಸುತ್ತದೆ. ಎರಡನೇ ಮಹಾಯುದ್ಧದ ನಂತರ ಹೊಲಗಳಿಗೆ ಡಿಡಿಟಿ ಕೀಟನಾಶಕ ಸುರಿದರು. ಹುಳ ತಿಂದ ಹಕ್ಕಿ, ಆ ಹಕ್ಕಿ ತಿಂದ ಪೆರಿಗ್ರಿನ್, ಹೀಗೆ ವಿಷ ಮೇಲೇರಿತು. ಮೊಟ್ಟೆಯ ಚಿಪ್ಪು ತೆಳುವಾಗಿ ತಾಯಿ ಕಾವಿಗೆ ಕೂತರೇ ಒಡೆಯತೊಡಗಿತು. 1960ರ ದಶಕದ ನಡುವಿನ ಹೊತ್ತಿಗೆ ಅಮೆರಿಕದ ಪೂರ್ವ ಭಾಗದಲ್ಲಿ ಗೂಡು ಕಟ್ಟುವ ಪೆರಿಗ್ರಿನ್ ಇಲ್ಲವೇ ಇಲ್ಲ ಅನ್ನುವ ಸ್ಥಿತಿ. ಆಗ ಟಾಮ್ ಕೇಡ್ ಅನ್ನುವ ಪ್ರಾಧ್ಯಾಪಕರು 1970ರಲ್ಲಿ ಪೆರಿಗ್ರಿನ್ ಫಂಡ್ ಸಂಸ್ಥೆ ಶುರು ಮಾಡಿದರು. ಅವರು ಸ್ವತಃ ಡೇಗೆ ಸಾಕಿದವರು. ಸಾಕಿದ ಜೋಡಿಗಳಿಂದ ಮರಿ ಮಾಡಿಸುವುದು, ಮರಿಗಳನ್ನು ಎತ್ತರದ ಪೆಟ್ಟಿಗೆಯಲ್ಲಿಟ್ಟು ಮನುಷ್ಯ ಕಾಣದ ಹಾಗೆ ಉಣ್ಣಿಸಿ, ತಾವೇ ಹಾರಿ ಬೇಟೆ ಕಲಿಯುವ ತನಕ ಕಾಯುವುದು, ಇದೆಲ್ಲ ಡೇಗೆ ಬೇಟೆಗಾರರ ಹಳೆಯ ವಿದ್ಯೆ. ಅಮೆರಿಕ 1972ರಲ್ಲಿ ಡಿಡಿಟಿ ನಿಲ್ಲಿಸಿತು. 1999ರಲ್ಲಿ ಪೆರಿಗ್ರಿನ್ ಹೆಸರು ಅಲ್ಲಿನ ಅಪಾಯದ ಪಟ್ಟಿಯಿಂದ ಹೊರಬಂತು. ಬೇಟೆಗಾಗಿ ಕಲಿತ ವಿದ್ಯೆ ಹಕ್ಕಿಯ ವಂಶ ಉಳಿಸಿತು.

ಕಂಬದ ಮೇಲಿನದು ಮತ್ತೆ ಹಾರಲಿಲ್ಲ. ನಾನೂ ಮಧ್ಯಾಹ್ನದ ಬಿಸಿಲಿನ ತನಕ ಅಲ್ಲೇ ಇದ್ದೆ.

ಶನಿವಾರ: ಮಂಗಳೂರಿಗೆ

ಉಡುಪಿ–ಮಂಗಳೂರು ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಕಿಟಕಿ ಸೀಟು ಸಿಕ್ಕಿತ್ತು. ಪಕ್ಕದಲ್ಲಿ ಕೂತ ಹಿರಿಯರು ಕಂಕುಳಲ್ಲಿ ಒಂದು ಹುಂಜ ಹಿಡಿದಿದ್ದರು. ಕೋಳಿ ಅಂಕಕ್ಕಾ ಅಂತ ಕೇಳಿದೆ. “ಇಲ್ಲಪ್ಪ, ಮಗಳ ಮನೆಗೆ” ಅಂದರು, ಆದರೆ ಹುಂಜದ ಬಣ್ಣ, ಜಾತಿ, ಕಾಲಿನ ಬಲದ ಬಗ್ಗೆ ಮೂಲ್ಕಿ ಬರುವ ತನಕ ಮಾತಾಡಿದರು.

ಸೋಮೇಶ್ವರನ ವಿನೋದಗಳ ಪಟ್ಟಿಯಲ್ಲಿ ಕೋಳಿ ಕಾಳಗವೂ ಇದೆ, ಟಗರು ಕಾಳಗವೂ ಇದೆ, ಗಿಡುಗದ ಬೇಟೆಯೂ ಇದೆ. ಕೋಳಿಯ ಆಸಕ್ತಿ ಕರಾವಳಿಯಲ್ಲಿ ಇವತ್ತಿಗೂ ಹೋಗಿಲ್ಲ. ಗಿಡುಗದ್ದು ಹೋಯಿತು. ನನಗೆ ಕಾಣುವ ಕಾರಣ ಇದು: ಹುಂಜ ಸಾಕಲು ಒಂದು ಅಂಗಳ ಸಾಕು. ಡೇಗೆಗೆ ದಿನಾ ಮಾಂಸ ಬೇಕು, ದಿನಾ ಹೊರುವ ಕೈ ಬೇಕು, ವಿಶಾಲ ಬಯಲು ಬೇಕು. ಅರಮನೆ ಹೋದಾಗ ಅದೂ ಹೋಯಿತು. ತೆಂಗು, ಅಡಿಕೆ, ತಿಂಗಳುಗಟ್ಟಲೆ ಮಳೆ ಇರುವ ಈ ಸೀಮೆಯಲ್ಲಂತೂ ಅದು ಬೇರು ಬಿಡುವುದು ಕಷ್ಟ.

ಉತ್ತರದಲ್ಲಿ ಅದು ತುಂಬ ಕಾಲ ಬಾಳಿತು. ಕುಮಾವೂಂನ ರಾಜ ರುದ್ರದೇವ ‘ಶ್ಯೈನಿಕ ಶಾಸ್ತ್ರ’ ಅಂತ ಇಡೀ ಗ್ರಂಥವನ್ನೇ ಬರೆದ. ಹರಪ್ರಸಾದ ಶಾಸ್ತ್ರಿಗಳು ಅದನ್ನು 1910ರಲ್ಲಿ ಕಲ್ಕತ್ತದಲ್ಲಿ ಪ್ರಕಟಿಸಿದರು. ಅಕ್ಬರ್, ಜಹಾಂಗೀರ್ ಇಬ್ಬರಿಗೂ ಈ ಬೇಟೆ ಇಷ್ಟ. ಪರ್ಷಿಯಾದ ಷಾ ಅಬ್ಬಾಸನ ಕಡೆಯಿಂದ ಬಂದ ಒಂದು ಡೇಗೆಯ ಚಿತ್ರವನ್ನು ಜಹಾಂಗೀರ್ ತನ್ನ ಚಿತ್ರಕಾರ ಮನ್ಸೂರನಿಂದ ಬರೆಸಿದ. ಗುರು ಗೋವಿಂದ ಸಿಂಗರ ಕೈಮೇಲಿನ ಬಾಜ್ ಅನ್ನುವ ಗಿಡುಗ ಇವತ್ತು ಪಂಜಾಬಿನ ರಾಜ್ಯ ಪಕ್ಷಿ. ಗುಜರಾತಿನ ಭಾವನಗರದ ರಾಜಮನೆತನದಲ್ಲಿ ಇಪ್ಪತ್ತನೇ ಶತಮಾನದಲ್ಲೂ ಡೇಗೆಗಳು ಹಾರುತ್ತಿದ್ದವು. ಆ ಮನೆಯ ಧರ್ಮಕುಮಾರಸಿಂಹಜಿ ಡೇಗೆಗಳ ಜೊತೆ ಬೆಳೆದೇ ದೊಡ್ಡ ಪಕ್ಷಿತಜ್ಞರಾದರು.

ಆಮೇಲೆ ಸಂಸ್ಥಾನಗಳು ಹೋದವು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಈಗ ಭಾರತದಲ್ಲಿ ಕಾಡಿನ ಡೇಗೆ, ಗಿಡುಗ ಹಿಡಿಯುವುದು, ಸಾಕುವುದು ಅಪರಾಧ. ಅದು ಸರಿ. ಪೇಟೆಯಲ್ಲಿ ಹಕ್ಕಿ ಮಾರುವವರ ಪಂಜರ ನೋಡಿದ ಯಾರೂ ಆ ಬಾಗಿಲು ಮತ್ತೆ ತೆರೆಯಿರಿ ಅನ್ನಲಾರರು. ನನ್ನ ಕೊರಗು ಬೇರೆ. ಬೇಟೆ ನಿಂತಾಗ ಹಕ್ಕಿಯನ್ನು ನೋಡಿಕೊಳ್ಳುವ ಜ್ಞಾನವೂ ಅದರ ಜೊತೆಗೇ ನಿಂತಿತು.

ಹಂಪನಕಟ್ಟೆಯ ಹತ್ತಿರ ಲಾಡ್ಜ್. ಮಂಗಳೂರಿನ ಸೆಕೆ ಡಿಸೆಂಬರಿನಲ್ಲೂ ಬಿಡುವುದಿಲ್ಲ.

ಭಾನುವಾರ: ಉಳ್ಳಾಲ

ನೇತ್ರಾವತಿ ಸೇತುವೆ ದಾಟುವಾಗ ಗೆಳತಿ ಜೊತೆಯಾದಳು. ತೊಕ್ಕೊಟ್ಟಿನಿಂದ ರಿಕ್ಷಾ. ಕಾಕಾನ ಮನೆ ತೆಂಗಿನ ತೋಟದ ನಡುವೆ, ಹಂಚಿನ ಮಾಡು, ಮುಂದೆ ಅಂಗಳ, ಅಂಗಳದಲ್ಲಿ ಕೋಳಿ ಮರಿಗಳು. ವಯಸ್ಸು ಎಪ್ಪತ್ತರ ಹತ್ತಿರ. ಬಿಳಿ ಮುಂಡು, ಬನಿಯನ್. ಎಡಗೈ ಮಣಿಕಟ್ಟಿನ ಮೇಲೆ ಹಳೆಯ ಗೀರುಗಳು.

“ಬನ್ನಿ ಟೀಚರೇ, ಕೂತುಕೊಳ್ಳಿ. ಮೊದಲು ಚಾ ಕುಡಿಯುವ. ಹಕ್ಕಿಯ ಕಥೆ ಎಲ್ಲಿಗೂ ಓಡಿ ಹೋಗುವುದಿಲ್ಲ” ಅಂದರು. ಮನೆಯಾಕೆ ಸುಲೈಮಾನಿ ತಂದುಕೊಟ್ಟು, ಊಟ ಮಾಡದೆ ಹೋಗುವಂತಿಲ್ಲ ಅಂತ ಒಳಗಿನಿಂದಲೇ ಹೇಳಿದರು.

ಅವರು ಹೋದದ್ದು ತೋಟದ ಕೆಲಸಕ್ಕೆ. ಯಜಮಾನರ ಮನೆಯಲ್ಲಿ ಡೇಗೆಗಳಿದ್ದವು. ನೋಡಿಕೊಳ್ಳುತ್ತಿದ್ದವರು ಪಾಕಿಸ್ತಾನದ ಪಂಜಾಬಿನ ಒಬ್ಬ ಹಿರಿಯರು. ಸಂಜೆ ಕೆಲಸ ಮುಗಿಸಿ ಕಾಕಾ ಅವರ ಹತ್ತಿರ ಹೋಗಿ ನಿಲ್ಲುತ್ತಿದ್ದರಂತೆ. ನಿಂತು ನಿಂತು ಒಂದು ದಿನ ಆ ಹಿರಿಯರು ಕೈಗೆ ಹಕ್ಕಿ ಕೊಟ್ಟರು. “ಮತ್ತೆ ನಾನು ತೋಟಕ್ಕೆ ಹೋಗಲೇ ಇಲ್ಲ.”

ಕಪಾಟಿನಿಂದ ಒಂದು ಡಬ್ಬ ತಂದರು. ಒಳಗೆ ಚರ್ಮದ ಪುಟ್ಟ ಟೋಪಿಗಳು. ಅಲ್ಲಿ ಅದಕ್ಕೆ ‘ಬುರ್ಕಾ’ ಅನ್ನುತ್ತಾರೆ. ಹಕ್ಕಿಯ ಕಣ್ಣು ಮುಚ್ಚಿ, ಕೊಕ್ಕಿಗೆ ಜಾಗ ಬಿಟ್ಟು ಕೂರುತ್ತದೆ. ಹಿಂದೆ ಎರಡು ಚರ್ಮದ ಪಟ್ಟಿ. ಒಂದನ್ನು ಹಲ್ಲಿನಲ್ಲಿ, ಇನ್ನೊಂದನ್ನು ಕೈಯಲ್ಲಿ ಎಳೆದರೆ ಬಿಗಿಯಾಗುತ್ತದೆ, ಸಡಿಲವಾಗುತ್ತದೆ. ಕೈಗೆ ಹಾಕಿಕೊಳ್ಳುವ ದಪ್ಪ ಬಟ್ಟೆಯ ಸುರುಳಿ ‘ಮಂಗಲ’. ನೆಲಕ್ಕೆ ಚುಚ್ಚುವ, ಹಕ್ಕಿ ಕೂರುವ ಗೂಟ ‘ವಕರ್’. ರೆಕ್ಕೆಗಳನ್ನು ಕಟ್ಟಿ ಮಾಡಿದ, ಬೀಸಿ ಕರೆಯುವ ಸುಳ್ಳು ಬೇಟೆ ‘ತಿಲ್ವಾ’. ಕಾಲಿಗೆ ಹಾಕುವ ಮೆತ್ತನೆ ಪಟ್ಟಿ ‘ಸುಬೂಕ್’.

“ಕತ್ತಲೆ ಅಂದರೆ ಅದಕ್ಕೆ ಸಮಾಧಾನ” ಅಂದರು. “ಕಾಣದಿದ್ದರೆ ಹೆದರಿಕೆ ಇಲ್ಲ. ಹಿಂದಿನ ಕಾಲದಲ್ಲಿ ರೆಪ್ಪೆಗೆ ನೂಲು ಹಾಕಿ ಹೊಲಿಯುತ್ತಿದ್ದರಂತೆ. ಛೆ, ಅದು ಎಂತ ಮನಸ್ಸು ಅವರದು.”

ಹೊಸ ಹಕ್ಕಿ ಬಂದ ಮೊದಲ ರಾತ್ರಿಗಳ ಬಗ್ಗೆ ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಂಡಿದ್ದೇನೆ. “ನಾವು ಮಲಗುವುದಿಲ್ಲ ಟೀಚರೇ. ಕೈಮೇಲೆ ಇಟ್ಟುಕೊಂಡು ಮಜ್ಲಿಸಿನಲ್ಲಿ ಕೂರುವುದು. ಜನ ಬರ್ತಾರೆ, ಹೋಗ್ತಾರೆ, ಮಕ್ಕಳು ಓಡ್ತಾರೆ, ಟಿವಿ ಇರ್ತದೆ. ಅದು ಎಲ್ಲ ಕೇಳಬೇಕು. ಮತ್ತೆ ಟೋಪಿ ತೆಗೆದು ಸ್ವಲ್ಪ ಹೊತ್ತು, ಪುನಃ ಹಾಕುವುದು. ಕಣ್ಣಿಗೆ ಕಣ್ಣು ಕೊಟ್ಟು ನೋಡಬಾರದು. ನೋಡಿದರೆ ಇವನು ನನ್ನನ್ನು ತಿನ್ಲಿಕ್ಕೆ ಬಂದವ ಅಂತ ಅದಕ್ಕೆ ಅನಿಸ್ತದೆ. ಕೈಮೇಲೆ ಮಾಂಸ ಇಡುವುದು, ಸುಮ್ನೆ ಕೂರುವುದು. ಅದು ಯಾವಾಗ ತಲೆ ಬಗ್ಗಿಸಿ ಒಂದು ಚೂರು ತಿಂತದೋ ಆಗ ಅರ್ಧ ಕೆಲಸ ಆಯ್ತು. ತಲೆ ಬಗ್ಗಿಸಿದರೆ ನಮ್ಮನ್ನು ನೋಡ್ಲಿಕ್ಕೆ ಆಗುವುದಿಲ್ಲ ಅಲ್ವಾ. ಅಷ್ಟು ನಂಬಿಕೆ ಬಂತು ಅಂತ.”

ಆಮೇಲೆ ಕೋಣೆಯೊಳಗೆ ಒಂದು ಮಾರು ದೂರದಿಂದ ಕೈಗೆ ಹಾರುವುದು. ಆಮೇಲೆ ಬಯಲಲ್ಲಿ ಉದ್ದ ದಾರ ಕಟ್ಟಿ. ದೂರ ದಿನಾ ಹೆಚ್ಚಿಸುವುದು. ತಿಲ್ವಾ ಬೀಸಿದ ಕೂಡಲೆ ತಡಮಾಡದೆ ಬಂದರೆ ಒಂದು ಬೆಳಗ್ಗೆ ದಾರ ಬಿಚ್ಚುವುದು. ಎಲ್ಲ ಸರಿಹೋದರೆ ಕೆಲವೇ ವಾರ.

ಇಡೀ ವಿದ್ಯೆ ನಿಂತಿರುವುದು ತಕ್ಕಡಿಯ ಮೇಲೆ. ಪ್ರತಿದಿನ ಒಂದೇ ಹೊತ್ತಿಗೆ ಹಕ್ಕಿಯನ್ನು ತೂಗಬೇಕು. ಜಾಸ್ತಿ ತೂಕ ಇದ್ದರೆ ಹಸಿವಿಲ್ಲ, ಬಿಟ್ಟರೆ ಮರಕ್ಕೆ ಹೋಗಿ ಕೂರುತ್ತದೆ. ಕಡಿಮೆಯಾದರೆ ಬಲ ಹೋಗಿ ಕಾಯಿಲೆ ಬೀಳುತ್ತದೆ. ಎರಡರ ನಡುವಿನ ಜಾಗ ಬಹಳ ಸಣ್ಣದು, ಪ್ರತಿ ಹಕ್ಕಿಗೂ ಬೇರೆ, ಚಳಿಗೂ ಸೆಕೆಗೂ ಬೇರೆ. ಬೆಳಗ್ಗೆ ಎದ್ದ ಕೂಡಲೆ ಗೂಟದ ಕೆಳಗೆ ನೋಡಬೇಕು. ಹಿಕ್ಕೆಯ ಬಣ್ಣ ಏನು? ತಿಂದ ಪುಕ್ಕ, ಕೂದಲು ಉಂಡೆಯಾಗಿ ಬಾಯಿಯಿಂದ ಹೊರಗೆ ಬಂದಿದೆಯಾ? ಬಂದಿಲ್ಲ ಅಂದರೆ ಅವತ್ತು ಹಾರಿಸುವಂತಿಲ್ಲ. ಪಾದದ ಅಡಿ ಊದಿದೆಯಾ? ಗೂಟದ ಮೇಲ್ಮೈ ಸರಿಯಿಲ್ಲದಿದ್ದರೆ ಪಾದಕ್ಕೆ ಹುಣ್ಣಾಗುತ್ತದೆ, ಅದು ಒಳಗೆ ಇಳಿದರೆ ಹಕ್ಕಿ ಹೋದ ಹಾಗೇ. ಉಸಿರಾಟದಲ್ಲಿ ಸದ್ದು ಬಂದರೆ ಶ್ವಾಸದ ಚೀಲಕ್ಕೆ ಬೂಸ್ಟು ಹಿಡಿದಿರಬಹುದು. 1999ರಲ್ಲಿ ಅಬುಧಾಬಿಯಲ್ಲಿ ಡೇಗೆಗಳ ಆಸ್ಪತ್ರೆ ಶುರುವಾದ ಮೇಲೆ ಅವರು ಅಲ್ಲಿಗೆ ಎಷ್ಟೋ ಸಲ ಹಕ್ಕಿ ಹೊತ್ತುಕೊಂಡು ಹೋಗಿದ್ದಾರೆ. ಕಾಯುವ ಕೋಣೆಯಲ್ಲಿ ಸಾಲಾಗಿ ಟೋಪಿ ಹಾಕಿಕೊಂಡು ಕೂತ ಡೇಗೆಗಳು. 2002ರಿಂದ ಹಕ್ಕಿಗಳಿಗೂ ಪಾಸ್‌ಪೋರ್ಟ್ ಬಂತು. ಕಾಲಿನ ಉಂಗುರದ ನಂಬರು ಅದರಲ್ಲಿರುತ್ತದೆ. ಕದ್ದು ಹಿಡಿದ ಹಕ್ಕಿ ಗಡಿ ದಾಟದಿರಲಿ ಅನ್ನುವುದಕ್ಕೆ.

ಬೇಟೆಗೆ ಹೊರದೇಶಕ್ಕೆ ಹೋಗಿದ್ದೀರಾ ಅಂತ ಕೇಳಿದೆ. “ಯಜಮಾನರು ಪಾಕಿಸ್ತಾನಕ್ಕೆ ಹೋಗುತ್ತಿದ್ದರು. ನಮ್ಮ ಪಾಸ್‌ಪೋರ್ಟಿಗೆ ಅಲ್ಲಿಗೆ ಹೋಗ್ಲಿಕ್ಕೆ ಆಗ್ತದಾ?” ಅಲ್ಲಿನ ಬೇಟೆ ಹುಬಾರಾ ಅನ್ನುವ ಮರುಭೂಮಿಯ ಎರ್ಲಡ್ಡು ಜಾತಿಯ ಹಕ್ಕಿ. ಬೇಟೆಯಿಂದಲೂ ಜಾಗ ಹಾಳಾದದ್ದರಿಂದಲೂ ಅದರ ಸಂಖ್ಯೆ ಇಳಿದಿದೆ. ಕಾಡಿನ ಡೇಗೆಗಳಲ್ಲಿ ಅರಬರು ಹೆಚ್ಚು ಇಷ್ಟಪಡುವ ‘ಹುರ್’, ಅಂದರೆ ಸೇಕರ್ ಡೇಗೆ, ಇವತ್ತು ಅಳಿವಿನ ಅಂಚಿನ ಪಟ್ಟಿಯಲ್ಲಿದೆ. ಈ ಸಂಪ್ರದಾಯವನ್ನು ಹೊಗಳುವವರು ಇದನ್ನೂ ಅದೇ ಉಸಿರಿನಲ್ಲಿ ಹೇಳಬೇಕು. ಯುನೆಸ್ಕೊ 2010ರಲ್ಲಿ ಡೇಗೆ ಬೇಟೆಯನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. 2021ರ ಹೊತ್ತಿಗೆ ಅದರಲ್ಲಿ 24 ದೇಶಗಳು. ಮಂಗೋಲಿಯಾ, ಮೊರಾಕ್ಕೊ, ಕೊರಿಯಾ, ಸ್ಪೇನ್, ಪಾಕಿಸ್ತಾನ ಎಲ್ಲ ಇವೆ. ಭಾರತ ಇಲ್ಲ. ನನಗೆ ಆ ಗೌರವ ಅರ್ಥವಾಗುತ್ತದೆ. ಆದರೆ ಪರಂಪರೆ ಉಳಿಯಬೇಕಾದರೆ ಮೊದಲು ಹುರ್ ಉಳಿಯಬೇಕು, ಹುಬಾರಾ ಉಳಿಯಬೇಕು.

ಹಳೆಯ ಅರಬ್ ಪದ್ಧತಿಯಲ್ಲಿ ಒಂದು ಒಳ್ಳೆಯ ಮಾತಿತ್ತು. ಶರತ್ಕಾಲದಲ್ಲಿ ವಲಸೆ ಹೋಗುವ ಡೇಗೆ ಹಿಡಿಯುವುದು, ಚಳಿಗಾಲ ಇಡೀ ಅದರ ಜೊತೆ ಬೇಟೆ, ಸೆಕೆ ಶುರುವಾದಾಗ ಬಿಟ್ಟುಬಿಡುವುದು. ಯುಎಇಯ ಮೊದಲ ಅಧ್ಯಕ್ಷ ಶೇಖ್ ಜಾಯೆದ್ ಹೆಸರಿನಲ್ಲಿ 1995ರಿಂದ ಡೇಗೆಗಳನ್ನು ಕಾಡಿಗೆ ಬಿಡುವ ಕಾರ್ಯಕ್ರಮ ನಡೆಯುತ್ತಿದೆ. ಕಾಕಾ ತಾವು ನೋಡಿಕೊಂಡ ಒಂದು ಹೆಣ್ಣು ಪೆರಿಗ್ರಿನ್ ಅನ್ನು ಹಾಗೆ ಬಿಡಲು ಕೊಟ್ಟಿದ್ದರು.

“ಆ ಹಕ್ಕಿಗೆ ನಿಮ್ಮ ಮೇಲೆ ಪ್ರೀತಿ ಇತ್ತಾ ಕಾಕಾ?” ಗೆಳತಿ ಕೇಳಿದಳು.

ಅವರು ಸ್ವಲ್ಪ ಹೊತ್ತು ಟೋಪಿಯ ದಾರ ಸರಿಮಾಡಿದರು. “ಇಲ್ಲ ಮಗಳೇ. ನಾಯಿಗೆ ಇರ್ತದೆ, ಕುದುರೆಗೂ ಇರ್ತದೆ. ಇದಕ್ಕೆ ಇಲ್ಲ. ಇವನ ಹತ್ತಿರ ಇದ್ದರೆ ಊಟ ಸುಲಭ, ಇವನು ನನಗೆ ತೊಂದರೆ ಕೊಡುವುದಿಲ್ಲ, ಅಷ್ಟೇ ಅದರ ಲೆಕ್ಕ. ಪ್ರತಿಸಲ ಬಿಟ್ಟಾಗ ಅದಕ್ಕೆ ಹೋಗ್ಲಿಕ್ಕೆ ಆಗ್ತದೆ. ಪ್ರತಿಸಲ ಅದೇ ಯೋಚನೆ ಮಾಡಿ ತಿರುಗಿ ಬರುವುದು. ಅದಕ್ಕೇ ನನಗೆ ಇಷ್ಟ.”

ಅಷ್ಟರಲ್ಲಿ ಪಕ್ಕದ ಮನೆಯಿಂದ “ಗಿಡಿ ಬತ್ತ್ಂಡ್!” ಅಂತ ತುಳುವಿನಲ್ಲಿ ಕೂಗು. ಹೇಂಟೆ ಮರಿಗಳನ್ನು ಒಟ್ಟು ಮಾಡಿಕೊಂಡು ಜಗಲಿಯ ಕೆಳಗೆ ಓಡಿತು. ಬೂದು ಬಣ್ಣದ ಒಂದು ಸಣ್ಣ ಗಿಡುಗ ಅಂಗಳ ದಾಟಿ ಸೀಬೆ ಮರಕ್ಕೆ ಹೋಗಿ ಕೂತಿತು. ಶಿಕ್ರಾ. ಕಾಕಾ ಎದ್ದು ನಿಂತೇಬಿಟ್ಟರು. “ಹೆಣ್ಣು. ಗಾತ್ರ ನೋಡಿ, ಗಂಡು ಇಷ್ಟು ದೊಡ್ಡದಿಲ್ಲ. ಗಂಡಿನ ಕಣ್ಣು ಕೆಂಪು, ಇದರದ್ದು ಹಳದಿ.”

ಅವರಿಗೆ ಕಲಿಸಿದ ಪಂಜಾಬಿನ ಹಿರಿಯರು ಚಿಕ್ಕಂದಿನಲ್ಲಿ ಶಿಕ್ರಾ ಹಾರಿಸಿದವರು. ಆ ಕಡೆ ಅದು ಬಡವರ ಬೇಟೆ. ಶಿಕ್ರಾವನ್ನು ಅಂಗೈಯಲ್ಲಿ ಹಿಡಿದು, ಕುತ್ತಿಗೆಗೆ ಒಂದು ಮೆತ್ತನೆಯ ದಾರದ ಆಸರೆ ಕೊಟ್ಟು, ಲಾವುಗೆ ಎದ್ದ ಕೂಡಲೆ ಅದರ ಕಡೆಗೆ ಎಸೆಯುತ್ತಿದ್ದರು. ಎಸೆದ ಬಲವೂ ಹಕ್ಕಿಯ ವೇಗವೂ ಸೇರುತ್ತಿತ್ತು. ಕಾಕಾ ಕೈ ಬೀಸಿ ತೋರಿಸಿದರು. ರಾಜರ ಕೈಮೇಲಿನ ಬಾಜ್ ಬಗ್ಗೆ ಗ್ರಂಥಗಳಿವೆ. ರೈತನ ಅಂಗೈಯಿಂದ ಹಾರಿದ ಈ ಶಿಕ್ರಾದ ವಿದ್ಯೆ ಹೆಚ್ಚಿನದು ಬಾಯಿಂದ ಬಾಯಿಗೆ, ಕೈಯಿಂದ ಕೈಗೆ ಬಂದದ್ದು.

ಊಟಕ್ಕೆ ಪತ್ತಿರ್, ಕೋಳಿ ಸಾರು. ಹೊರಡುವಾಗ ಗೆಳತಿ ಒಂದು ವಿಷಯ ಎತ್ತಿದಳು. ಅವಳ ಅಕ್ಕನ ಮಗಳು ಮಣಿಪಾಲದ ಹತ್ತಿರ ಪಶುವೈದ್ಯೆ. ಅರಣ್ಯ ಇಲಾಖೆಯವರು ಗಾಯಗೊಂಡ ಹಕ್ಕಿಗಳನ್ನು ಅವಳ ಹತ್ತಿರ ತರುತ್ತಾರೆ. ಈಗ ಅವಳ ಬಳಿ ಬಾಲ ಮುರಿದ ಒಂದು ಶಿಕ್ರಾ ಇದೆ. ಕಾಕಾ ಕೇಳಿದ್ದು ಒಂದೇ: “ಮುರಿದದ್ದು ಬುಡದಲ್ಲಾ, ನಡುವಿನಲ್ಲಾ?”

ಸೋಮವಾರ: ಮಣಿಪಾಲ

ಕಾಕಾ ಬೆಳಗಿನ ಬಸ್ಸಿಗೇ ಬಂದರು. ಚೀಲದಲ್ಲಿ ಒಂದು ಚಾಕು, ಮರಳು ಕಾಗದ, ಅಂಟು, ಒಂದು ತುಂಡು ಒಣ ಬಿದಿರು.

ಹಕ್ಕಿ ಹಿರಿಯಡ್ಕ ಕಡೆಯ ಒಂದು ಕೋಳಿಗೂಡಿಗೆ ನುಗ್ಗಿ ಸಿಕ್ಕಿಬಿದ್ದದ್ದು. ಮನೆಯವರು ಹೊಡೆಯದೆ ಇಲಾಖೆಗೆ ಫೋನ್ ಮಾಡಿದ್ದರು. ತಂತಿ ಬಲೆಗೆ ಬಡಿದೂ ಬಡಿದೂ ಬಾಲದ ಗರಿಗಳು ತುಂಡಾಗಿದ್ದವು. ಮೈಯಲ್ಲಿ ಬೇರೆ ಗಾಯ ಇಲ್ಲ. ಆದರೆ ಗಿಡುಗಕ್ಕೆ ಬಾಲವೇ ಚುಕ್ಕಾಣಿ. ಅದಿಲ್ಲದೆ ಮರಗಳ ಸಂದಿಯಲ್ಲಿ ತಿರುಗಲಾರದು, ಬೇಟೆ ಸಿಗುವುದಿಲ್ಲ. ತಾನಾಗಿ ಗರಿ ಉದುರಿ ಹೊಸದು ಬರಬೇಕಾದರೆ ತಿಂಗಳುಗಟ್ಟಲೆ ಕಾಯಬೇಕು. ಅಷ್ಟು ಕಾಲ ಪಂಜರದಲ್ಲಿ ಇಟ್ಟರೆ ಪಾದ ಹಾಳು, ಇರುವ ಗರಿಯೂ ಹಾಳು. ಇಲ್ಲಿ ಡೇಗೆ ಸಾಕುವವರ ಹಳೆಯ ಕಸುಬು ಒಂದಿದೆ. ಗರಿ ಕೂಡಿಸುವುದು. ಡಾಕ್ಟ್ರು ಪುಸ್ತಕದಲ್ಲಿ ಓದಿದ್ದಳು, ಕೈಯಾರೆ ಮಾಡಿರಲಿಲ್ಲ. ಹಿಂದೆ ಬಂದಿದ್ದ ಇನ್ನೊಂದು ಶಿಕ್ರಾದ ಉದುರಿದ ಗರಿಗಳನ್ನು ಇಲಾಖೆಗೆ ತಿಳಿಸಿಯೇ ಎತ್ತಿಟ್ಟಿದ್ದಳು.

ಬಾಲದಲ್ಲಿ 12 ಗರಿ. ಕಾಕಾ ಮೊದಲು ಉದುರಿದ ಗರಿಗಳನ್ನು ಕಾಗದದ ಮೇಲೆ ಎಡ, ಬಲ, ನಡು ಅಂತ ಸಾಲಾಗಿ ಜೋಡಿಸಿದರು. ಎಡದ ಗರಿ ಎಡಕ್ಕೇ, ಅದೇ ಸ್ಥಾನದ್ದೇ ಆಗಬೇಕು. ಹಕ್ಕಿಯನ್ನು ತೆಳು ಬಟ್ಟೆಯಲ್ಲಿ ಸುತ್ತಿ, ತಲೆ ಮುಚ್ಚಿ, ಡಾಕ್ಟ್ರು ಹಿಡಿದುಕೊಂಡಳು. ಕಾಕಾ ಮುರಿದ ಗರಿಯ ದಂಟನ್ನು ಗಟ್ಟಿ ಇರುವ ಜಾಗದಲ್ಲಿ ಓರೆಯಾಗಿ ಕತ್ತರಿಸಿದರು. ನೋವಾಗುವುದಿಲ್ಲವಾ ಅಂತ ಕೇಳಿದೆ. ಬೆಳೆದ ಗರಿಯ ದಂಟು ನಮ್ಮ ಉಗುರಿನ ತುದಿಯ ಹಾಗೆ, ಜೀವ ಇರುವುದಿಲ್ಲ ಅಂದಳು. ಆಮೇಲೆ ಬಿದಿರನ್ನು ಸೂಜಿಯಷ್ಟು ತೆಳುವಾಗಿ ಕೆತ್ತಿ, ಮೂರು ಅಂಚು ಬರುವ ಹಾಗೆ ಉಜ್ಜಿದರು. ದುಂಡಗಿದ್ದರೆ ಗರಿ ತಿರುಗುತ್ತದೆ. ಒಂದು ತುದಿ ಹೊಸ ಗರಿಯ ಟೊಳ್ಳಿಗೆ, ಇನ್ನೊಂದು ತುದಿ ಹಕ್ಕಿಯ ಮೈಯಲ್ಲಿರುವ ದಂಟಿಗೆ. ನಡುವೆ ಒಂದು ಹನಿ ಅಂಟು. ಪಕ್ಕದ ಗರಿಗೆ ಅಂಟು ತಾಗದ ಹಾಗೆ ಕೆಳಗೆ ಕಾಗದದ ಚೂರು. ಉದ್ದ ಸರಿಯಿದೆಯಾ ಅಂತ ಪಕ್ಕದ ಗರಿಯ ಜೊತೆ ಹೋಲಿಸಿ, ಉಸಿರು ಬಿಡದೆ ಸ್ವಲ್ಪ ಹೊತ್ತು ಹಿಡಿದು, ಮುಂದಿನದಕ್ಕೆ.

ಎರಡನೇ ಗರಿ ಆದ ಮೇಲೆ ಕಾಕಾ ಚಾಕುವನ್ನು ಡಾಕ್ಟ್ರ ಕಡೆ ಚಾಚಿದರು. “ಇನ್ನು ನೀನು ಮಾಡು ಮಗಳೇ. ನಾನು ಹಿಡ್ಕೊಳ್ತೇನೆ.” ಅವಳು ಮೂರನೆಯದನ್ನು ಕೂಡಿಸಲು ಬಹಳ ಹೊತ್ತು ತೆಗೆದುಕೊಂಡಳು. ನಾಲ್ಕನೆಯದಕ್ಕೆ ಕಡಿಮೆ. ಐದನೆಯದು ಕೂಡಿಸುವಾಗ ಕಾಕಾ ಏನೂ ಹೇಳಲಿಲ್ಲ.

ಸಂಜೆ ನನ್ನ ಬಸ್ಸಿಗೆ ಹೊತ್ತಾಗುತ್ತಿತ್ತು. ಡಾಕ್ಟ್ರು ಮುಂದೇನು ಅಂತ ಕೇಳಿದಾಗ ಕಾಕಾ ಹೇಳಿದ್ದನ್ನು ನಾವಿಬ್ಬರೂ ಬರೆದುಕೊಂಡೆವು. ಎರಡು ದಿನ ದೊಡ್ಡ ಕೋಣೆಯಲ್ಲಿ ಹಾರಾಡಲಿ, ತಂತಿ ಬಲೆ ಬೇಡ, ಬಟ್ಟೆಯ ಪರದೆ ಕಟ್ಟು. ದಿನಾ ಒಂದೇ ಹೊತ್ತಿಗೆ ತೂಕ ನೋಡು. ಇಲ್ಲಿ ಅದಕ್ಕೆ ಮನುಷ್ಯ ಅಭ್ಯಾಸ ಆಗಬಾರದು, ಆದ್ದರಿಂದ ಕೈಯಿಂದ ತಿನ್ನಿಸಬೇಡ, ಇಟ್ಟು ಹೊರಗೆ ಬಾ. ಬಿಡುವುದಾದರೆ ಇಲಾಖೆಯವರ ಜೊತೆ ಹಿರಿಯಡ್ಕದಲ್ಲೇ, ಸಿಕ್ಕಿದ ಜಾಗದಲ್ಲೇ ಬಿಡಿ, ಅದಕ್ಕೆ ಆ ಮರಗಳು ಗೊತ್ತುಂಟು. ಬೆಳಗ್ಗೆ ಬಿಡಿ. ಹಿಂದಿನ ಸಂಜೆ ಹೊಟ್ಟೆ ತುಂಬ ತಿಂದಿರಲಿ, ಒಂದು ದಿನ ಬೇಟೆ ಸಿಗದಿದ್ದರೂ ತಡೆಯುವ ಹಾಗೆ. ಕಾಗೆಗಳು ಸುತ್ತ ಇದ್ದರೆ ಅವತ್ತು ಬೇಡ, ಮರುದಿನ ನೋಡಿ.

“ಮತ್ತೆ ಆ ಮನೆಯವರ ಕೋಳಿಗೂಡಿಗೆ ಒಂದು ಸರಿಯಾದ ಬಾಗಿಲು ಹಾಕಿಸಿ” ಅಂದರು ಕಾಕಾ, ಚೀಲ ಹೆಗಲಿಗೆ ಹಾಕಿಕೊಳ್ಳುತ್ತಾ. “ಪುನಃ ಬರ್ತದೆ ಅದು.”